ಚಿತ್ರಕ್ಕೆ ಬಿದ್ದ ಕುರಿ ಗುರುತು

ಚಿತ್ರಲಿಂಗಪ್ಪ: ಏನೇ ಕಾಳಕ್ಕ ಇದು? ನನ್ನ ಚಿತ್ರಕ್ಕೆ ಕೆಮ್ಮಣ್ಣು ಬಳಿದೀಯಲ್ಲೇ!

ಕಾಳಕ್ಕ: ಬಳಿದಿಲ್ರೀ, ಗುರುತು ಹಾಕೀನಿ. ಯಲ್ಲದಕೆರೇಲಿ ನಮ್ಮಪ್ಪ ಕುರಿ ಬೆನ್ನಿಗೆ ಹಾಕ್ತಾನಲ್ಲ, ಅದೇ. ಎರಡು ಗೀರು, ಒಂದು ಬೊಟ್ಟು.

ಚಿತ್ರಲಿಂಗಪ್ಪ: ಇದು ಕುರಿ ಅಲ್ಲ ಕಣೇ, ಆಧುನಿಕ ಕಲೆ!

ಕಾಳಕ್ಕ: ಕುರಿ ಆಗಿದ್ರೆ ಗುರುತೇ ಬೇಕಿರಲಿಲ್ಲ, ಮುಖ ನೋಡೇ ಹೇಳ್ತಿದ್ದೆ. ಇದಕ್ಕೆ ಮುಖ ಎಲ್ಲೈತೆ?

ಚಿತ್ರಲಿಂಗಪ್ಪ ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ ನೋಡಿದ. ಕಲಾವಿದನ ಬಣ್ಣ ಕಿತ್ತು ಬಂತು. ಹೆಂಡತಿಯ ಕೆಮ್ಮಣ್ಣು ಜಪ್ಪಯ್ಯ ಅನ್ನಲಿಲ್ಲ.

ಹೊಟ್ಟೆಪಾಡಿಗೆ ಅವನು ಚಿತ್ರದುರ್ಗದ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತ. ಉಳಿದ ಹೊತ್ತಿನಲ್ಲಿ ಕಲಾಸಂಗ್ರಾಹಕ ಮತ್ತು ಕಲಾಸಲಹೆಗಾರ. ಈ ಎರಡನೆಯ ಪದವಿಯನ್ನು ಯಾರೂ ಕೊಡುವಂತೆ ಕಾಣದ್ದರಿಂದ ತಾನೇ ತೆಗೆದುಕೊಂಡಿದ್ದ. ಬೆಂಗಳೂರಿನಲ್ಲಿ ಯಾರೂ ಕೊಳ್ಳದ ಚಿತ್ರಗಳನ್ನು ಹುಡುಕಿ ಕೊಂಡು, ಬಸ್ಸಿನ ಟಾಪಿನ ಮೇಲೆ ಈರುಳ್ಳಿ ಮೂಟೆಗಳ ಮಧ್ಯೆ ಮಲಗಿಸಿ ತರುತ್ತಿದ್ದ. ಎಪ್ಪತ್ನಾಲ್ಕನೇ ಇಸವಿಯ ಆ ಭಾನುವಾರ ಹಿರಿಯೂರಿನ ಅಕ್ಕಿ ಗಿರಣಿ ಸಾಹುಕಾರ ತಿಮ್ಮರಾಯಪ್ಪ ಅವನ ಮನೆಗೆ ಬರುವವರಿದ್ದರು. ಅವರ ಹೊಸ ಮನೆಯ ಗೋಡೆಗಳಿಗೆಲ್ಲ ಚಿತ್ರ ಆರಿಸುವ ಕೆಲಸ ಸಿಕ್ಕರೆ ಸರಿ; ಇಲ್ಲದಿದ್ದರೆ ನಿವೃತ್ತಿಯವರೆಗೂ ಮೂಗಿನಲ್ಲಿ ಹತ್ತಿ. ಆಮೇಲೂ ಅದೇ.

ಚಿತ್ರಲಿಂಗಪ್ಪ: ಗುರುತು ಯಾಕೆ ಬೇಕಿತ್ತೇ? ಯಾರಾದ್ರೂ ಕದೀತಿದ್ರಾ?

ಕಾಳಕ್ಕ: ಅಂಥಾ ಧೈರ್ಯ ಯಾರಿಗೈತ್ರೀ? ದಾವಣಗೆರೆ ಪ್ರದರ್ಶನಕ್ಕೆ ನಿಮ್ಮ ಚಿತ್ರ ಕೊಟ್ಟಿದ್ರಿ. ತರೋವಾಗ ಯಾರದೋ ಹೊತ್ಕಂಡು ಬಂದ್ರಿ. ಅದರ ಮುಂದೆ ನಿಂತ್ಕಂಡು ದಿನಾ ‘ಆಹಾ, ಎಂಥಾ ಆಳ!’ ಅಂತಿದ್ರಿ.

ಚಿತ್ರಲಿಂಗಪ್ಪ: ಆಳ ಇತ್ತು ಕಣೇ!

ಕಾಳಕ್ಕ: ಇತ್ತು, ಬ್ಯಾರೆಯೋರ ಆಳ. ಅದರ ಯಜಮಾನ ಬಂದು ಬಾಗಿಲು ಬಡಿದ ಮೇಲೇ ನಿಮಗೆ ಗೊತ್ತಾಗಿದ್ದು. ನಮ್ಮ ಕಡೆ ಕಣ್ಣು ಮಂಜಾದ ಮುದುಕನೂ ಬ್ಯಾರೆಯೋರ ಮರಿ ಹೊಡ್ಕಂಡು ಬರಲ್ಲ.

ಹೊರಗೆ ಜೀಪು ನಿಂತಿತು. ಚಿತ್ರಲಿಂಗಪ್ಪ ಒಂದೇ ನೆಗೆತಕ್ಕೆ ಚಿತ್ರದ ಮುಂದೆ ಹೋಗಿ, ಗುರುತಿಗೆ ಬೆನ್ನು ಕೊಟ್ಟು ನಿಂತ.

ಕಾಳಕ್ಕ: ಬರ್ರಿ ಅಣ್ಣಾರೆ, ಕುಂತ್ಕಳ್ರಿ.

ಚಿತ್ರಲಿಂಗಪ್ಪ: ಸಾಹುಕಾರ್ರೇ, ಇದರ ಹೆಸರು ‘ಮೌನದ ಮೂರನೇ ಮುಖ’. ನಿಮ್ಮ ಪಡಸಾಲೆಗೆ ಹೇಳಿ ಮಾಡಿಸಿದಂಗೈತೆ.

ತಿಮ್ಮರಾಯಪ್ಪ: ಒಂಚೂರು ಸರೀರಿ. ಸದ್ಯಕ್ಕೆ ನಿಮ್ಮ ಮುಖ ಒಂದೇ ಕಾಣ್ತೈತೆ.

ಸರಿಯದೆ ವಿಧಿಯಿರಲಿಲ್ಲ. ಸಾಹುಕಾರರು ಕೂತಲ್ಲಿಂದ ಅರ್ಧ ಎದ್ದರು.

ತಿಮ್ಮರಾಯಪ್ಪ: ಅಲೆಲೆ! ಇದು ಯಲ್ಲದಕೆರೆ ಉಗ್ರಪ್ಪನ ಗುರುತಲ್ವಾ?

ಕಾಳಕ್ಕ: ಹೂಂ ಅಣ್ಣಾರೆ. ನಮ್ಮಪ್ಪಾರು.

ತಿಮ್ಮರಾಯಪ್ಪ: ಮೊದ್ಲೇ ಹೇಳಬಾರದೇನವ್ವ? ಒಂದೇ ಗುಡ್ಡದಾಗೆ ಕುರಿ ಮೇಯಿಸಿದೋರು ನಾವು! ಅದ್ಸರಿ, ನಿಮ್ಮಪ್ಪನ ಗುರುತು ಈ ಕರೇ ಹಲಗೆ ಮೇಲೆ ಯಾಕೆ ಬಂತು?

ಚಿತ್ರಲಿಂಗಪ್ಪ: ಅದು ಕಲಾವಿದರೇ ಹಾಕಿದ್ದು ಸಾಹುಕಾರ್ರೇ, ಗ್ರಾಮೀಣ ಬದುಕಿನ ಸಂಕೇತವಾಗಿ...

ಕಾಳಕ್ಕ: ಸುಳ್ಳಾಡಬ್ಯಾಡ್ರೀ. ನಾನು ನಿನ್ನೆ ಹರಳೆಣ್ಣೆ ಬೆರೆಸಿ ಹಾಕಿದ್ದು.

ಹಾಕಿದ್ದು ಯಾಕೆ ಎಂಬುದನ್ನೂ ಕಾಳಕ್ಕ ದಾವಣಗೆರೆಯಿಂದ ಹಿಡಿದು ಬಾಗಿಲು ಬಡಿದದ್ದರವರೆಗೆ ಬಿಡದೆ ಹೇಳಿದಳು. ಸಾಹುಕಾರರು ಕುರ್ಚಿ ಕಿರುಗುಟ್ಟುವ ಹಾಗೆ ನಕ್ಕರು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ಯೋಚನೆಗೆ ಬಿದ್ದರು. ಚಿತ್ರಲಿಂಗಪ್ಪನಿಗೆ ನಗುವೇ ವಾಸಿ ಅನ್ನಿಸಿತು.

ತಿಮ್ಮರಾಯಪ್ಪ: ಅಲ್ರೀ, ಹೊಳಲ್ಕೆರೆ ಗೋವಿಂದಪ್ಪನಿಗೆ ಒಂದು ಚಿತ್ರ ‘ಬ್ಯಾಡ, ಜೀವ ಇಲ್ಲ’ ಅಂದಿದ್ರಂತಲ್ಲ?

ಚಿತ್ರಲಿಂಗಪ್ಪ: ಅಂದಿದ್ದೆ. ಈಗಲೂ ಅದನ್ನೇ ಅಂತೀನಿ.

ತಿಮ್ಮರಾಯಪ್ಪ: ಅವನು ನಿಮ್ಮ ಮಾತು ಮೀರಿ ತಗಂಡ. ಈಗ ಅದನ್ನ ನೋಡಾಕೇ ಬೆಂಗಳೂರಿಂದ ಕಾರಲ್ಲಿ ಬರ್ತಾರೆ. ಹೊಸದುರ್ಗದ ಯತ್ತಪ್ಪನಿಗೆ ನೀವೇ ಆರಿಸಿ ಕೊಟ್ರಿ?

ಚಿತ್ರಲಿಂಗಪ್ಪ: ಅದಂತೂ ಮಹಾಕೃತಿ!

ತಿಮ್ಮರಾಯಪ್ಪ: ಆ ಮಹಾಕೃತಿಗೆ ಬೆನ್ನು ಹಾಕಿ ಕುಂತೇ ಅವನ ಬೀಗರು ಉಂಡ್ರಂತೆ.

ಚಿತ್ರಲಿಂಗಪ್ಪನಿಗೆ ಗಿರಣಿಯ ಹತ್ತಿ ಆಗಲೇ ಮೂಗಿಗೆ ಬಂದಂತಾಯಿತು.

ತಿಮ್ಮರಾಯಪ್ಪ: ಇರಲಿ. ಈ ಮನೇಲಿ ನಿಮಗೆ ಕಣ್ಣಿಗೆ ಕಂಡ್ರಾಗದ ಚಿತ್ರ ಯಾವ್ದಾದ್ರೂ ಐತಾ?

ಕಾಳಕ್ಕ: ಐತಲ್ಲ! ರಾಗಿಹಿಟ್ಟಿನ ಡಬ್ಬಿ ಮೇಲೆ ಮುಚ್ಚಿರೋದು. ಒಂದಿನಾನೂ ಹೊಗಳಿಲ್ಲ.

ಚಿತ್ರಲಿಂಗಪ್ಪ: ಅಯ್ಯೋ ಅದಾ? ಇನ್ನೊಂದು ಚಿತ್ರ ಕೊಂಡಿದ್ದಕ್ಕೆ ಕೊಸರು ಕೊಟ್ಟಿದ್ದು! ಲಯ ಇಲ್ಲ, ಲಾವಣ್ಯ ಇಲ್ಲ...

ಕಾಳಕ್ಕ ಅದನ್ನು ಹಿಟ್ಟು ಕೊಡವಿ ತಂದಳು. ಸಾಹುಕಾರರು ಚಿತ್ರವನ್ನು ಬಿಟ್ಟು ಸಲಹೆಗಾರನ ಮುಖವನ್ನೇ ನೋಡುತ್ತ ಕೂತರು.

ತಿಮ್ಮರಾಯಪ್ಪ: ಹೂಂ, ಬಯ್ರಿ. ಇನ್ನೂ ಬಯ್ರಿ.

ಚಿತ್ರಲಿಂಗಪ್ಪ: ಬಯ್ಯೋದೇನು, ಇದನ್ನ ತೂಗುಹಾಕಿದ್ರೆ ಗೋಡೆಗೇ ಅವಮಾನ!

ತಿಮ್ಮರಾಯಪ್ಪ: ಸಾಕು! ಇದೇ ನಂದು! ತಂಗೀ, ಆ ಕೆಮ್ಮಣ್ಣು ತಾರವ್ವ. ಕೊಂಡ ಮೇಲೆ ಕೊಂಡೋನ ಗುರುತು ಬೀಳಬೇಕು.

ಕಾಳಕ್ಕ: ಬೆನ್ನ ಹಿಂದೆ ಹಾಕ್ರಿ ಅಣ್ಣಾರೆ. ಮುಂದೆ ಹಾಕಿದ್ರೆ ಇವರಿಗೆ ಜೀವ ಹೋಗ್ತೈತೆ.

ಸಾಹುಕಾರರು ಚಿತ್ರವನ್ನು ತಿರುಗಿಸಿ ಅದರ ಬೆನ್ನಿಗೆ ತಮ್ಮ ಗುರುತು ಎಳೆದರು.

ಚಿತ್ರಲಿಂಗಪ್ಪ: (ಜೀವ ಹೋದ ದನಿಯಲ್ಲೇ) ಹಂಗಾದ್ರೆ ಸಾಹುಕಾರ್ರೇ, ಆ ಸಲಹೆಗಾರನ ಕೆಲಸ... ಬ್ಯಾರೆ ಯಾರಿಗಾದ್ರೂ...

ತಿಮ್ಮರಾಯಪ್ಪ: ಬ್ಯಾರೆಯೋರಿಗಾ? ಅವರು ಒಂದ್ಸಲ ಸರಿ ಹೇಳ್ತಾರೆ, ಒಂದ್ಸಲ ತಪ್ಪು ಹೇಳ್ತಾರೆ. ಅಂಥೋರನ್ನ ನಂಬೋದೆಂಗ್ರೀ? ಒಂದ್ಸಲಾನೂ ತಪ್ಪದಂಗೆ ತಪ್ಪು ಹೇಳೋರು ನೀವೊಬ್ರೇ! ಹತ್ತಿ ಗಿರಣಿ ಬಿಡ್ರಿ. ಬೆಂಗಳೂರಿಗೆ ಹೋಗಾಣ. ನೀವು ಹೊಗಳ್ತಾ ಮುಂದೆ ನಡೀರಿ, ಹಿಂದೆ ಉಳಿದದ್ದನ್ನ ನಾನು ತಗಂತಾ ಬರ್ತೀನಿ.

ಮಾನ ಹೋಯಿತೆಂದು ಅಳಬೇಕೋ, ಕೆಲಸ ಬಂತೆಂದು ಕುಣಿಯಬೇಕೋ ಚಿತ್ರಲಿಂಗಪ್ಪನಿಗೆ ಒಂದು ಗಳಿಗೆ ತಿಳಿಯಲಿಲ್ಲ.

ಕಾಳಕ್ಕ: ಒಪ್ಕಳ್ರೀ ಸುಮ್ನೆ. ಇದ್ದಂಗೇ ಇರ್ರಿ ಅಂತ ಸಂಬಳ ಕೊಡೋರು ಇನ್ನೆಲ್ಲಿ ಸಿಗ್ತಾರೆ?

ಅವನು ಕುಣಿದೇಬಿಟ್ಟ. ಸಾಹುಕಾರರ ಎರಡೂ ಕೈ ಹಿಡಿದುಕೊಂಡ.

ಚಿತ್ರಲಿಂಗಪ್ಪ: ಸಾಹುಕಾರ್ರೇ! ಕಲೆ ಬಲ್ಲೋರು ಅಂದ್ರೆ ನೀವು! ಈ ನಾಲ್ಕು ತಾಲ್ಲೂಕಲ್ಲಿ ನಿಮ್ಮಂಥಾ ಕಣ್ಣು ಇನ್ನೊಬ್ಬರಿಗಿಲ್ಲ! ಎಂಥಾ ಆಳ, ಎಂಥಾ...

ತಿಮ್ಮರಾಯಪ್ಪ ಬೆಚ್ಚಿ ಕೈ ಕಿತ್ತುಕೊಂಡರು. ಕೊಂಡ ಚಿತ್ರದ ಕಡೆಗೊಮ್ಮೆ, ಹೊಗಳುವ ಬಾಯಿಯ ಕಡೆಗೊಮ್ಮೆ ನೋಡಿದರು.

ತಿಮ್ಮರಾಯಪ್ಪ: ಅಯ್ಯಯ್ಯೋ, ನನ್ನ ಹೊಗಳಬ್ಯಾಡ್ರಪ್ಪೋ! ಈಗ ತಾನೇ ಗುರುತು ಹಾಕೀನಿ!