ಅಡ್ಯಾರ್ ಬಿಡದ ಬಸ್ಸು

ನಮ್ಮ ಸೋದರತ್ತೆಯ ಕೈಲಿ ಬೈಸಿಕೊಳ್ಳದೆ ಮದ್ರಾಸಿನಲ್ಲಿ ಉಳಿದಿದ್ದು ಸಮುದ್ರ ಒಂದೇ. ಅದರ ಬಗ್ಗೆಯೂ ನನಗೆ ಅನುಮಾನ! ಅತ್ತೆ ಅಡ್ಯಾರಿನ ಶಾಲೆಯೊಂದರಲ್ಲಿ ಮೂರನೇ ಕ್ಲಾಸಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಅವರ ಬೈಗುಳವೆಂದರೆ ಕೆಟ್ಟ ಮಾತಲ್ಲ, ಒಗ್ಗರಣೆ ಹಾಕಿದ ಮಾತು.

ಶಾಲೆಗಳಿಗೆಲ್ಲ ಕಂಪ್ಯೂಟರು ನುಗ್ಗುತ್ತಿದ್ದ ಕಾಲ. ಪ್ರಿನ್ಸಿಪಾಲರು ಅಪ್ಪಣೆ ಹೊರಡಿಸಿದರು: ಕಂಪ್ಯೂಟರಿನಲ್ಲಿ ಒಂದು ಪಾಠ ಮಾಡಿ ತೋರಿಸದ ಟೀಚರಿಗೆ ಮುಂದಿನ ವರ್ಷ ಕ್ಲಾಸಿಲ್ಲ, ಲೈಬ್ರರಿ.

"ಅಲ್ಲಿ ಎಲ್ಲರೂ ಸುಮ್ಮನಿರಬೇಕಂತೆ ಕಣೋ! ನಾನು ಬದುಕೋದು ಹೇಗೆ?" ಎಂದ ಅತ್ತೆ ಅಂದು ಕಾಫಿಯನ್ನು ಅರ್ಧಕ್ಕೇ ಬಿಟ್ಟರು.

ಆಫೀಸಿನ ಗೆಳೆಯನಿಂದ ಒಂದು ಸಿಡಿ ತಂದುಕೊಟ್ಟೆ. ಪ್ರೋಗ್ರಾಮ್ ಬರೆಯದೆಯೇ ಆಟ ಕಟ್ಟುವ ಸಾಫ್ಟ್‌ವೇರು. ಚಿತ್ರ ಇಡಬೇಕು, ಉತ್ತರದ ಡಬ್ಬಿ ಇಡಬೇಕು, ಒಂದರಿಂದೊಂದಕ್ಕೆ ಬಾಣ ಎಳೆಯಬೇಕು. ನಾನು ಬೆವರುತ್ತಾ ವಿವರಿಸುತ್ತಿದ್ದರೆ, "ಇದು ಕೋಲಂ ಕಣೋ ಪೆದ್ದೇ! ಚುಕ್ಕಿ ಇಟ್ಟು ಗೆರೆ ಎಳೆಯೋದು" ಎಂದು ಮೌಸ್ ಕಿತ್ತುಕೊಂಡರು.

ವಾರದಲ್ಲಿ ಅಡ್ಯಾರಿನಿಂದ ಟಿ. ನಗರಕ್ಕೆ ಬಸ್ಸು ಸಿದ್ಧ! ಪ್ರತಿ ಸ್ಟಾಪಿನಲ್ಲೂ ಒಂದಷ್ಟು ಜನ ಇಳಿಯುತ್ತಾರೆ, ಉಳಿದವರೆಷ್ಟು? ಸರಿಯುತ್ತರ ಒತ್ತಿದರೆ ಬಸ್ಸು ಮುಂದಕ್ಕೆ. ತಪ್ಪಾದರೆ 'ಟೊಂಯ್' ಅನ್ನುವ ಶಬ್ದ. ಅದು ಅತ್ತೆಗೆ ಹಿಡಿಸಲಿಲ್ಲ. "ತಪ್ಪಿದ ಮಗೂನ ಹೀಗಾ ಮಾತಾಡಿಸೋದು?" ಎಂದು ಮೈಕಿನ ಮುಂದೆ ಕೂತು, ತಪ್ಪಿಗೊಂದರಂತೆ ತಮ್ಮದೇ ದನಿಯಲ್ಲಿ ಬೈಗುಳ ತುಂಬಿಸಿದರು.

ಆಟ ತೋರಿಸುವ ದಿನ ನಾನೂ ರಜೆ ಹಾಕಿ ಹೋದೆ. ಕರೆಂಟು ಹೋದರೆ ಅಂತ ಮೇಣದಬತ್ತಿ ಒಯ್ದಿದ್ದೆ. ಕಂಪ್ಯೂಟರಿಗೆ ಮೇಣದಬತ್ತಿ! ಚಿಂತೆ ಮಾಡುವವನಿಗೆ ಯೋಚನೆ ಮಾಡಲು ಪುರುಸೊತ್ತೆಲ್ಲಿ?

ಮೊದಲು ಬಂದವಳು ಕ್ಲಾಸಿಗೇ ಜಾಣೆ. ನಲವತ್ತೆರಡು ಜನರಲ್ಲಿ ಹದಿನೇಳು ಮಂದಿ ಇಳಿದರು. ಪುಟ್ಟಿ ಸಲೀಸಾಗಿ ಐವತ್ತೊಂಬತ್ತು ಒತ್ತಿದಳು! ಸ್ಪೀಕರಿನಿಂದ ಅತ್ತೆ ತಮಿಳಿನಲ್ಲಿ ಗುಡುಗಿದರು: "ಏನೇ ಕಣ್ಣೂ, ಇಳಿದವರೆಲ್ಲ ಮತ್ತೆ ಕಿಟಕಿಯಿಂದ ಹತ್ತಿದರಾ?" ಕ್ಲಾಸೆಲ್ಲ ಹೋ ಎಂದಿತು. ಎರಡನೆಯವನೂ ತಪ್ಪು, ಹತ್ತನೆಯವಳೂ ತಪ್ಪು. ಬೈಸಿಕೊಳ್ಳಲು ಕ್ಯೂ! ಬಸ್ಸು ಮಾತ್ರ ಅಡ್ಯಾರ್ ಬಿಡಲಿಲ್ಲ.

"ಒಬ್ಬರಿಗೂ ಕಳೆಯೋದು ಬರಲ್ಲವಲ್ಲ ಮೇಡಂ" ಎಂದರು ಪ್ರಿನ್ಸಿಪಾಲರು.

ಅತ್ತೆ ಸ್ಪೀಕರಿನ ವೈರು ಕಿತ್ತರು. ತಗೊಳ್ಳಿ, ಎರಡೇ ನಿಮಿಷ! ಬಸ್ಸು ಟಿ. ನಗರದ ಹತ್ತಿರ.

ಕೊನೆಯ ಸ್ಟಾಪು, ಹಿಂದಿನ ಬೆಂಚಿನ ಒಬ್ಬ ಹುಡುಗಿಯ ಸರದಿ. ಒತ್ತಿದಳು, ತಪ್ಪು. ಮತ್ತೆ ಒತ್ತಿದಳು, ಮತ್ತೆ ತಪ್ಪು. ಯಾವ ಸದ್ದೂ ಇಲ್ಲ. ಅವಳು ತಲೆಯೆತ್ತಿ, "ಮಿಸ್, ನಾನು ಬೇಕಂತ ಒತ್ತಿದ್ದಲ್ಲ, ನಂಗೆ ಬರಲ್ಲ. ಸ್ವಲ್ಪ ಬೈತೀರಾ?" ಎಂದಳು.

ಅತ್ತೆ ಮೌಸನ್ನು ಪಕ್ಕಕ್ಕೆ ಸರಿಸಿದರು. ಆ ಪುಟ್ಟ ಕುರ್ಚಿಯಲ್ಲೇ ಅವಳ ಪಕ್ಕ ಒತ್ತರಿಸಿ ಕೂತರು. ಅವಳ ಬೆರಳುಗಳನ್ನು ಅಂಗೈಯಲ್ಲಿಟ್ಟುಕೊಂಡು, ಒಬ್ಬೊಬ್ಬರನ್ನೇ ಬಸ್ಸಿನಿಂದ ಇಳಿಸತೊಡಗಿದರು. "ಮೂರನೇ ಕ್ಲಾಸು ನಿಮಗೇ ಇರಲಿ" ಎಂದು ಪ್ರಿನ್ಸಿಪಾಲರು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಅತ್ತೆಗೆ ಕೇಳಿಸಲಿಲ್ಲ. ಇನ್ನೂ ನಾಲ್ಕು ಜನ ಇಳಿಯುವುದಿತ್ತು.