ಕಿಟೋಬೆಯ ನಲವತ್ತು ನಿಮಿಷದ ಕತ್ತಲೆ

ಕಿಟೋಬೆ ಪಟ್ಟಣ ಸಭೆಯ ಮನರಂಜನಾ ನಿಯಮಾವಳಿಯ ಹದಿನಾಲ್ಕನೆಯ ನಿಯಮದಂತೆ, ಪರವಾನಗಿ ಪಡೆದ ಯಾವುದೇ ವೀಡಿಯೊ ಶೆಡ್ಡಿನಲ್ಲಿ ತೋರಿಸುವ ಸಿನಿಮಾದ ಬಗ್ಗೆ ಪ್ರೇಕ್ಷಕರಿಗೆ ಒಂದೇ ಅಭಿಪ್ರಾಯ ಇರತಕ್ಕದ್ದು. ಅದು ಒಳ್ಳೆಯ ಅಭಿಪ್ರಾಯವೇ ಆಗಿರಬೇಕೆಂದೇನೂ ಇಲ್ಲ. ಸಭೆ ಅಷ್ಟು ಕಠಿಣವಲ್ಲ. ಆದರೆ ಮೂರು ತಿಂಗಳಿಗೊಮ್ಮೆ ರಾಜಧಾನಿ ಕಂಪಾಲಕ್ಕೆ ಕಳಿಸುವ ನಮೂನೆಯಲ್ಲಿ 'ಜನರ ಅಭಿಪ್ರಾಯ' ಎಂಬುದರ ಮುಂದೆ ಒಂದೇ ಒಂದು ಚೌಕವಿದೆ. ಅದರಲ್ಲಿ ಎರಡು ಅಭಿಪ್ರಾಯ ಹಿಡಿಸುವುದಿಲ್ಲ. ಸಭೆಯ ದಾಖಲೆ ಗುಮಾಸ್ತನಾದ ನಾನು ಸಣ್ಣ ಅಕ್ಷರದಲ್ಲಿ ಬರೆದೂ ನೋಡಿದ್ದೇನೆ.

ಈ ನಿಯಮವನ್ನು ಇಪ್ಪತ್ತು ವರ್ಷದಲ್ಲಿ ಯಾರೂ ಮುರಿದಿರಲಿಲ್ಲ. ಮೊದಲು ಮುರಿದದ್ದು ನಾಲೊಂಗೊ ಅವರ ಶೆಡ್ಡು. ಅವಳಿ ಮಕ್ಕಳನ್ನು ಹೆತ್ತವರಾದ್ದರಿಂದ ಅವರನ್ನು ಊರೆಲ್ಲ ನಾಲೊಂಗೊ ಎಂದೇ ಕರೆಯುತ್ತದೆ, ಹೆತ್ತ ತಾಯಿ ಇಟ್ಟ ಹೆಸರು ಈಗ ಪರವಾನಗಿ ಪತ್ರದಲ್ಲಿ ಮಾತ್ರ ಉಳಿದಿದೆ. ತಗಡಿನ ಗೋಡೆ, ತಗಡಿನ ಮಾಡು, ಕಿಂಡಿಗಳಿಗೆಲ್ಲ ಕರಿ ಬಟ್ಟೆ, ಹನ್ನೆರಡು ಬೆಂಚು. ಪರದೆಯ ಪಕ್ಕದಲ್ಲಿ ಒಂದು ಮೈಕು, ಮೈಕಿನ ಹಿಂದೆ ಮುಕಲಾಜಿ.

ಮುಕಲಾಜಿಯ ಕೆಲಸ ಸಿನಿಮಾವನ್ನು ನಮ್ಮ ಲುಗಾಂಡಾ ಭಾಷೆಯಲ್ಲಿ ಹೇಳುವುದು. ಪರದೆಯ ಮೇಲಿನವರು ಆಡುವ ಭಾಷೆ ಅವನಿಗೆ ಬರುತ್ತದೋ ಇಲ್ಲವೋ ಎಂದು ಇದುವರೆಗೆ ಯಾರೂ ಕೇಳಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ. ಆ ವಾರ ಬಂದದ್ದು 'ಉಕ್ಕಿನ ನಾಳೆ' ಎಂಬ ಸಿನಿಮಾ. ಇಸವಿ ಎರಡು ಸಾವಿರದ ನೂರ ನಲವತ್ತು. ಜಗತ್ತನ್ನು ಮಹಾಮಿದುಳು ಎಂಬ ಯಂತ್ರ ಆಳುತ್ತಿದೆ. ಜನ ಉಸಿರಾಡುವುದಕ್ಕೂ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಕಬ್ಬಿಣದ ಕೈಯವನೊಬ್ಬ ಅದರ ವಿರುದ್ಧ ತಿರುಗಿ ಬೀಳುತ್ತಾನೆ. ನಮ್ಮವರಿಗೆ ಅದರಲ್ಲಿ ಹೆದರುವಂಥದ್ದು ಏನೂ ಕಾಣಲಿಲ್ಲ. "ಸಾಲು ಮುಂದಕ್ಕಾದರೂ ಹೋಗ್ತಾ ಇದೆಯಲ್ಲಯ್ಯಾ" ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಹೊಟ್ಟೆಕಿಚ್ಚು ಪಟ್ಟರು.

ಮಂಗಳವಾರ ಮೂರು ಗಂಟೆಯ ಆಟ. ನಾಲ್ಕು ಇಪ್ಪತ್ತಕ್ಕೆ ಮಹಾಮಿದುಳು "ಇನ್ನು ಬೆಳಕಿಲ್ಲ" ಎಂದು ಒಂದು ಕೆಂಪು ಗುಂಡಿ ಒತ್ತಿತು. ಅದೇ ಗಳಿಗೆಗೆ ಇಡೀ ಕಿಟೋಬೆಯ ವಿದ್ಯುತ್ತು ಹೋಯಿತು.

ವಿದ್ಯುತ್ತು ಹೋದರೆ ಜನ ಎದ್ದು ಹೋಗುತ್ತಾರೆ, ಹೋದವರು ಮರಳಿ ಬರುವುದಿಲ್ಲ. ಮುಕಲಾಜಿಗೆ ಇದು ಗೊತ್ತು. ಅವನು ಸತ್ತ ಮೈಕನ್ನು ಕೆಳಗಿಟ್ಟು ಬರೀ ಗಂಟಲಲ್ಲಿ ಶುರು ಮಾಡಿದ. "ನೋಡಿದ್ರಾ, ಆರಿಸಿಯೇ ಬಿಟ್ಟ! ಯಾರೂ ಅಲ್ಲಾಡಬೇಡಿ. ಯಂತ್ರಗಳು ಬೆವರಿನ ವಾಸನೆ ಹಿಡಿದು ಬರ್ತಾವೆ. ಅಯ್ಯೋ ಅಣ್ಣಾ, ನಾಲ್ಕನೇ ಬೆಂಚಿನವನೇ, ನೀನು ಸ್ನಾನ ಮಾಡಿ ಎಷ್ಟು ದಿನ ಆಯ್ತು? ನಿನ್ನ ದೆಸೆಯಿಂದ ನಾವೆಲ್ಲ ಸಾಯಬೇಕಾ?" ಟೈರಿನ ಚಪ್ಪಲಿಯಿಂದ ತಗಡಿನ ಗೋಡೆಗೆ ಬಡಿದ. ಅದು ಯಂತ್ರಗಳ ಹೆಜ್ಜೆ. ಹೊರಗೆ ಗಿರಣಿ ಇಲ್ಲ, ರೇಡಿಯೊ ಇಲ್ಲ, ವೆಲ್ಡಿಂಗ್ ಇಲ್ಲ. ಊರಿಗೆ ಊರೇ ಉಸಿರು ಕಟ್ಟಿದಂತಿತ್ತು. ನಾನು ಅಲ್ಲೇ ಇದ್ದೆ, ಕಚೇರಿಯ ಕೆಲಸದ ಮೇಲೆ. ನಲವತ್ತು ನಿಮಿಷ ನಾನು ಪಕ್ಕದವನ ಮೊಣಕೈ ಹಿಡಿದುಕೊಂಡಿದ್ದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಐದಕ್ಕೆ ವಿದ್ಯುತ್ತು ಬಂತು, ಕಬ್ಬಿಣದ ಕೈಯವ ಗೆದ್ದ. ಜನ ನಡುಗುತ್ತ ಹೊರಗೆ ಬಂದರು. ಏನನ್ನೂ ತೋರಿಸದೆ ಇಷ್ಟು ಹೆದರಿಸಿದ ಸಿನಿಮಾ ಇನ್ನೊಂದಿಲ್ಲ ಎಂದರು.

ಬುಧವಾರ ಜನ ಇಮ್ಮಡಿಯಾದರು. ಮಹಾಮಿದುಳು ಗುಂಡಿ ಒತ್ತಿತು. ವಿದ್ಯುತ್ತು ಹೋಗಲಿಲ್ಲ. ಪರದೆಯ ಮೇಲೆ ಮೂರು ಸೆಕೆಂಡು ಕಪ್ಪಾಗಿ, ನಾಯಕ ಬೆಂಕಿಕಡ್ಡಿ ಗೀರಿದ.

"ಕತ್ತಲೆ ಎಲ್ಲಯ್ಯಾ?" ಎಂದು ಒಬ್ಬ ಕೂಗಿದ.

"ಕತ್ತರಿಸಿಬಿಟ್ಟಿದ್ದಾರೆ! ನಲವತ್ತು ನಿಮಿಷ ನುಂಗಿದ್ದಾರೆ!"

ಗುರುವಾರ ನಾಲೊಂಗೊ ಸರಿಯಾದ ಹೊತ್ತಿಗೆ ತಾವೇ ಶೆಡ್ಡಿನ ಸ್ವಿಚ್ಚು ಆರಿಸಿದರು. ಜನ ಒಂದು ನಿಮಿಷ ಕಿವಿಗೊಟ್ಟರು. ಪಕ್ಕದ ಹಾಜಿಯ ಗಿರಣಿ ಗರಗರ ಎನ್ನುತ್ತ ಜೋಳ ಬೀಸುತ್ತಿತ್ತು. "ಗಿರಣಿ ಕೇಳಿಸ್ತಿದೆ, ಇದು ನಕಲಿ ಕತ್ತಲೆ" ಎಂದು ತೀರ್ಪಾಯಿತು. ಕಿಟೋಬೆಯ ಜನಕ್ಕೆ ಬೇರೇನೂ ಗೊತ್ತಿಲ್ಲದಿದ್ದರೂ ಅಸಲಿ ಕತ್ತಲೆ ಗೊತ್ತು.

ಹೀಗೆ ಊರು ಎತ್ತು ಏರಿಗೆ ಕೋಣ ನೀರಿಗೆ ಎಂಬಂತಾಯಿತು. ಮಂಗಳವಾರದವರು ಮೆಚ್ಚಿದರು, ಮಿಕ್ಕವರು ಉಗಿದರು. ಇಷ್ಟಾದರೂ ಸಭೆ ಕಣ್ಣು ಮುಚ್ಚಿಕೊಂಡಿರುತ್ತಿತ್ತು. ಆದರೆ ಶುಕ್ರವಾರ ಒಂದೇ ಕುಟುಂಬದಿಂದ ಎರಡು ದೂರು ಬಂದವು. ಮೊದಲನೆಯದು ನಕಿಬೂಲೆ ಎಂಬ ಅಜ್ಜಿಯದು. ಅವರು ಮಂಗಳವಾರ ನೋಡಿ, ಮಗಳ ಮುಂದೆ ಹೊಗಳಿದ್ದರು. ಎರಡನೆಯದು ಅವರ ಅಳಿಯ, ಮಾಂಸದಂಗಡಿಯ ಸೆರುಂಕೂಮನದು. ಹೆಂಡತಿಯ ಮಾತು ಕೇಳಿ ಅವನು ಬುಧವಾರ ಅಂಗಡಿ ಮುಚ್ಚಿ ಹೋಗಿ, ಬಂದವನೇ "ನಿಮ್ಮಮ್ಮನಿಗೆ ಅರಳುಮರಳು" ಎಂದಿದ್ದ. ಆ ಮಾತು ಸಂಜೆಯೊಳಗೆ ಅಜ್ಜಿಯ ಕಿವಿ ಮುಟ್ಟಿತು. ಎದುರುಬದುರು ಕೂತು ಬಗೆಹರಿಸಿಕೊಳ್ಳೋಣವೆಂದರೆ ನಮ್ಮಲ್ಲಿ ಅಳಿಯ ಅತ್ತೆಗೆ ಮುಖ ತೋರಿಸುವಂತಿಲ್ಲ, ಅತ್ತೆ ಅಳಿಯನ ಜೊತೆ ಮಾತಾಡುವಂತಿಲ್ಲ. ಮಗಳ ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರಿಬ್ಬರು ದಾರಿಯಲ್ಲಿ ಎದುರಾದಾಗಲೆಲ್ಲ ಒಬ್ಬರು ಬಾಳೆತೋಟಕ್ಕೆ ಹಾರಿದ್ದಾರೆ.

ಮನರಂಜನಾ ಅಧಿಕಾರಿ ತುಮುಹಿಂಬಿಸೆ ಅವರು ಎರಡೂ ದೂರುಗಳನ್ನು ಓದಿ, ಮೇಜಿನ ಖಾನೆಯಿಂದ ಒಂದು ಬೀಗ ತೆಗೆದರು. ಶೆಡ್ಡುಗಳನ್ನು ಮುಚ್ಚಿಸಲೆಂದು ಸರ್ಕಾರ ಕೊಟ್ಟ ಬೀಗ. ಐದು ವರ್ಷದಿಂದ ಅದು ಕೆಲಸವಿಲ್ಲದೆ ಕೂತಿತ್ತು. ಅವರು ಅದಕ್ಕೆ ಎಣ್ಣೆ ಹಾಕಿ, ಎರಡು ಸಲ ತಿರುಗಿಸಿ ನೋಡಿ, "ಒಂದೇ ಸಿನಿಮಾಕ್ಕೆ ಎರಡು ಅಭಿಪ್ರಾಯ. ಮುಂದಿನ ಮಂಗಳವಾರದೊಳಗೆ ಒಂದಾಗದಿದ್ದರೆ ಬೀಗ" ಎಂದು ಬರೆಸಿದರು. ಬರೆದದ್ದು ನಾನೇ. ಆ ಶೆಡ್ಡು ಮುಚ್ಚಿದರೆ ನಾಲೊಂಗೊ ಅವಳಿಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಮುಕಲಾಜಿಗೆ ಮಾತು ಬಿಟ್ಟು ಬೇರೆ ಕಸುಬು ಬರುವುದಿಲ್ಲ.

ಸೋಮವಾರ ವಿಚಾರಣೆ. ಸೆರುಂಕೂಮ ಕೋಣೆಯೊಳಗೆ ಕೂತ. ಅಜ್ಜಿ ಹೊರಗೆ ಜಗುಲಿಯಲ್ಲಿ ಗೋಡೆಗೆ ಬೆನ್ನು ಹಾಕಿ ಕೂತರು. ಬಾಗಿಲಲ್ಲಿ ನಾನು.

"ಗುಮಾಸ್ತಣ್ಣಾ, ಒಳಗಿರೋರಿಗೆ ಹೇಳಿ," ಎಂದರು ಅಜ್ಜಿ, "ನಾನು ನೋಡಿದ ಕತ್ತಲೆ ನಿಜ. ನನ್ನ ಕಣ್ಣಾರೆ ಏನೂ ಕಾಣಲಿಲ್ಲ."

"ಹೊರಗಿರೋರಿಗೆ ಹೇಳಿ," ಎಂದ ಸೆರುಂಕೂಮ, "ನಾನು ಹೋದಾಗ ಎಲ್ಲಾ ಕಾಣಿಸ್ತಿತ್ತು. ಅದೇ ನನ್ನ ದೂರು."

ತುಮುಹಿಂಬಿಸೆಯವರು ಮುಕಲಾಜಿಯ ಕಡೆ ತಿರುಗಿದರು. "ಸಿನಿಮಾದಲ್ಲಿ ಕತ್ತಲೆ ಇದೆಯೋ ಇಲ್ಲವೋ? ಅಡ್ಡಗೋಡೆ ಮೇಲೆ ದೀಪ ಇಡಬೇಡ."

"ಇದೆ ಸೆಬೊ," ಎಂದು ಅವನು ಸ್ವಾಮಿ ಎನ್ನುವ ಮರ್ಯಾದೆಯಲ್ಲಿ ಹೇಳಿದ. "ಆದರೆ ಆ ಭಾಗ ನಮ್ಮ ಹತ್ತಿರ ಇಲ್ಲ, ವಿದ್ಯುತ್ ಕಚೇರಿ ಹತ್ತಿರ ಇದೆ."

ವಿದ್ಯುತ್ ಕಚೇರಿಯ ಒಕಿರೋರ್ ಅವರನ್ನು ಕರೆಸಲಾಯಿತು. ಅವರು ಟೊಪ್ಪಿ ತೆಗೆದು ಕೂತರು.

"ಮಂಗಳವಾರದ ಕತ್ತಲೆ ನೀವು ಕೊಟ್ಟದ್ದೇ?"

"ಇಲ್ಲ ಸೆಬೊ. ದೊಡ್ಡದೊಂದು ಕಲೋಲಿ ಹಕ್ಕಿ ತಂತಿ ಮೇಲೆ ಕೂತಿತ್ತು."

"ಆ ಹಕ್ಕಿಯನ್ನು ಮತ್ತೆ ಕೂರಿಸಬಹುದೇ?"

"ಅದು ತೀರಿಕೊಂಡಿತು, ಸೆಬೊ."

ಎಲ್ಲರೂ ಒಂದು ಕ್ಷಣ ತಲೆ ತಗ್ಗಿಸಿದರು. ಕಲಾವಿದರು ಹೀಗೆ ಮೊದಲ ಪ್ರದರ್ಶನಕ್ಕೇ ಹೋಗಿಬಿಟ್ಟರೆ ಯಾರಿಗಾದರೂ ನೋವಾಗುತ್ತದೆ.

"ಹಾಗಾದರೆ ನೀವೇ ದಿನಾ ನಾಲ್ಕು ಇಪ್ಪತ್ತಕ್ಕೆ ಆರಿಸಿ," ಎಂದರು ಅಧಿಕಾರಿ.

"ಅದಕ್ಕೆ ಅರ್ಜಿ ಬೇಕು. ಬೆಳಕು ಕೇಳೋ ಅರ್ಜಿ ನಮ್ಮಲ್ಲಿದೆ. ಕತ್ತಲೆ ಕೇಳೋ ಅರ್ಜಿ ಇಲ್ಲ. ಇದುವರೆಗೆ ಕತ್ತಲೆಯನ್ನ ಕೇಳದೇನೇ ಕೊಡ್ತಾ ಬಂದಿದ್ದೀವಿ."

ಅರ್ಜಿಯ ನಮೂನೆಯನ್ನು ನಾನು ಆ ಮಧ್ಯಾಹ್ನ ತಯಾರಿಸಿದೆ. 'ಅರ್ಜಿದಾರರಿಗೆ ಬೇಕಾದ ಕತ್ತಲೆಯ ಅವಧಿ', 'ಈ ಮೊದಲು ಕತ್ತಲೆ ಪಡೆದಿದ್ದರೆ ಅದರ ವಿವರ', 'ಕತ್ತಲೆಯನ್ನು ದುರುಪಯೋಗ ಮಾಡುವುದಿಲ್ಲವೆಂಬ ಮುಚ್ಚಳಿಕೆ'. ನಾಲೊಂಗೊ ಮೂರು ಪ್ರತಿಗೆ ಸಹಿ ಹಾಕಿದರು. ಪಟ್ಟಣದ ಒಪ್ಪಿಗೆಯೂ ಬೇಕೆಂದು ಒಕಿರೋರ್ ಪಟ್ಟು ಹಿಡಿದರು. ಗಿರಣಿಯ ಹಾಜಿ ಮೊದಲು ಕೆಂಡವಾದರು. "ನಲವತ್ತು ನಿಮಿಷ ನಾನು ಗಿರಣಿ ನಿಲ್ಲಿಸಿ ನೊಣ ಹೊಡೀಲಾ?" ಮುಕಲಾಜಿ ಅವರ ಕಿವಿಯಲ್ಲಿ ಏನೋ ಹೇಳಿದ. ಸಿನಿಮಾದ ಕೊನೆಯಲ್ಲಿ, ಯಾರಿಗೂ ಓದಲಾಗದ ಹೆಸರುಗಳು ಪರದೆಯ ಮೇಲೆ ಹತ್ತಿಕೊಂಡು ಹೋಗುವಾಗ, 'ಮೌನ: ಹಾಜಿಯವರ ಗಿರಣಿ' ಎಂದು ತಾನು ಓದುತ್ತೇನೆ ಎಂದ. ಹಾಜಿ ಗಡ್ಡ ನೀವಿಕೊಂಡರು. ಜೋರಾಗಿ ಓದಬೇಕೆಂದು ಮಾತ್ರ ಷರತ್ತು ಹಾಕಿದರು. ಆಮೇಲೆ ಕ್ಷೌರದಂಗಡಿಯವನಿಗೆ ಒಂದು ಹೆಸರು, ವೆಲ್ಡಿಂಗಿನವನಿಗೆ ಒಂದು ಹೆಸರು. ಸಂಜೆಯೊಳಗೆ ಊರಿನಲ್ಲಿ ಸಿನಿಮಾದಲ್ಲಿ ಪಾತ್ರವಿಲ್ಲದವರು ಯಾರೂ ಉಳಿಯಲಿಲ್ಲ.

ಮಂಗಳವಾರ ಪರೀಕ್ಷಾ ಪ್ರದರ್ಶನ. ತುಮುಹಿಂಬಿಸೆಯವರು ಮುಂದಿನ ಬೆಂಚಿನಲ್ಲಿ, ಕೋಟಿನ ಜೇಬಿನಲ್ಲಿ ಬೀಗ. ಶೆಡ್ಡಿನ ನಡುವೆ ನಾಲೊಂಗೊ ತಮ್ಮ ಮನೆಯ ಹೂಹೂವಿನ ಬೆಡ್‌ಶೀಟು ಕಟ್ಟಿದ್ದರು. ಆಚೆ ಅಜ್ಜಿ, ಈಚೆ ಸೆರುಂಕೂಮ.

ನಾಲ್ಕು ಇಪ್ಪತ್ತು. ಮಹಾಮಿದುಳು ಗುಂಡಿ ಒತ್ತಿತು. ವಿದ್ಯುತ್ತು ಹೋಗಲಿಲ್ಲ.

ವಿದ್ಯುತ್ ಕಚೇರಿಯ ಗಡಿಯಾರ ಮೂರು ನಿಮಿಷ ಹಿಂದಿತ್ತು ಎಂಬುದು ನಮಗೆ ಆಮೇಲೆ ತಿಳಿಯಿತು. ಆಗ ತಿಳಿದದ್ದು, ತುಮುಹಿಂಬಿಸೆಯವರ ಕೈ ಜೇಬಿಗೆ ಹೋದದ್ದು ಮಾತ್ರ. ನಾಲೊಂಗೊ ಕಣ್ಣು ಮುಚ್ಚಿಕೊಂಡರು. ನಾಯಕ ಬೆಂಕಿಪೊಟ್ಟಣಕ್ಕೆ ಕೈ ಹಾಕುವುದರೊಳಗೆ ಮುಕಲಾಜಿ ವೀಡಿಯೊ ಯಂತ್ರದ ಗುಂಡಿ ಅದುಮಿ ಚಿತ್ರವನ್ನು ಅಲ್ಲೇ ನಿಲ್ಲಿಸಿದ. ಮಹಾಮಿದುಳು ಗುಂಡಿಯ ಮೇಲೆ ಬೆರಳಿಟ್ಟು ಹಾಗೇ ನಿಂತಿತು.

"ಗುಂಡಿ ಒತ್ತಿ ಆಯ್ತು," ಎಂದ ಮುಕಲಾಜಿ ಮೈಕಿನಲ್ಲಿ, ಶಾಂತವಾಗಿ. "ಕಡತ ಮೇಲಿನವರ ಸಹಿಗೆ ಹೋಗಿದೆ. ಸಾಹೇಬರು ಊಟಕ್ಕೆ ಹೋಗಿದ್ದಾರೆ. ಕೂತ್ಕೊಳ್ಳಿ, ಬರ್ತಾರೆ."

ಜನ ತಲೆದೂಗಿದರು. ತುಮುಹಿಂಬಿಸೆಯವರೂ ತಲೆದೂಗಿದರು. "ಇಷ್ಟೊಂದು ನೈಜವಾಗಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಮೂರು ನಿಮಿಷ ಯಾರೂ ಕೆಮ್ಮಲಿಲ್ಲ. ಆಮೇಲೆ ಸಹಿಯಾಯಿತು.

ಗಿರಣಿ ನಿಂತಿತು, ರೇಡಿಯೊ ನಿಂತಿತು, ಕ್ಷೌರದಂಗಡಿಯಲ್ಲಿ ಯಾರದೋ ಅರ್ಧ ತಲೆ ಅಲ್ಲಿಗೇ ನಿಂತಿತು. ಅಸಲಿ ಕತ್ತಲೆ. ಮುಕಲಾಜಿಯ ಚಪ್ಪಲಿ ತಗಡಿನ ಮೇಲೆ ನಡೆಯತೊಡಗಿತು. ಬೆಡ್‌ಶೀಟಿನ ಆಚೆಯಿಂದ ಒಂದು ದನಿ ಬಂತು.

"ಯಾರಪ್ಪಾ ಅದು, ಕಡಲೆಕಾಯಿ ಅಷ್ಟು ಗಟ್ಟಿಯಾಗಿ ಅಗಿಯೋದು? ಯಂತ್ರಕ್ಕೆ ಕೇಳಿಸೋಲ್ವಾ?"

ಅಗಿಯುವುದು ನಿಂತಿತು. "ನಾನು, ಸೆರುಂಕೂಮ."

ಬೆಡ್‌ಶೀಟಿನ ಆಚೆ ಬೆಂಚು ಕಿರುಗುಟ್ಟಿತು.

"ನಂಗೆ ನಿನ್ನ ಮುಖ ಕಾಣ್ತಿಲ್ಲ," ಎಂದರು ಅಜ್ಜಿ.

"ನಂಗೂ ಕಾಣ್ತಿಲ್ಲ ಅಮ್ಮಾ."

"ಕಾಣದಿದ್ದ ಮೇಲೆ ತಪ್ಪಿಲ್ಲ."

"ತಪ್ಪಿಲ್ಲ ಅಮ್ಮಾ."

"ಹನ್ನೊಂದು ವರ್ಷದಿಂದ ನಿಂಗೊಂದು ಮಾತು ಹೇಳ್ಬೇಕು ಅಂತಿದ್ದೆ."

ಮುಕಲಾಜಿ ಚಪ್ಪಲಿ ಬಡಿಯುವುದನ್ನು ನಿಲ್ಲಿಸಿದ. ಇಡೀ ಶೆಡ್ಡು ಕಿವಿಯಾಯಿತು.

"ನೀನು ಹಬ್ಬಕ್ಕೆ ಕಳಿಸೋ ಮಾಂಸದಲ್ಲಿ ಬರೀ ಮೂಳೆ ಇರುತ್ತೆ."

"ಅಯ್ಯೋ!" ಎಂದ ಸೆರುಂಕೂಮ. "ಅತ್ತೆಗೆ ಮೂಳೆ ಚೀಪೋದು ಅಂದ್ರೆ ಪ್ರಾಣ ಅಂತ ಯಾರೋ ಹೇಳಿದ್ರು. ಆರಿಸಿ ಆರಿಸಿ ಕಳಿಸ್ತಿದ್ದೆ, ಅಮ್ಮಾ."

"ಹಲ್ಲೇ ಇಲ್ವಲ್ಲೋ ನಂಗೆ!"

"ಹೇಳ್ಬಾರದಿತ್ತಾ?"

"ಎಲ್ಲಿ ಹೇಳ್ಲಿ, ಬಾಳೆತೋಟದಲ್ಲಾ?"

ಅಜ್ಜಿ ನಕ್ಕರು. ಅಳಿಯನೂ ನಕ್ಕ. ನಂತರ ಇಬ್ಬರೂ ಮಾತಾಡಿದರು: ಮೊಮ್ಮಕ್ಕಳ ಕೆಮ್ಮು, ಮಗಳ ಬಾಯಿ, ಸೋರುವ ಮಾಡು. ನಡುವೆ ಯಾರೋ ಬಿಕ್ಕಿದ ಸದ್ದಾಯಿತು. ಅದು ನಾಲೊಂಗೊ ಇರಬೇಕೆಂದು ದಾಖಲೆಯಲ್ಲಿ ಬರೆದಿದ್ದೇನೆ, ನಾನಲ್ಲ. ಬೆಳಕು ಬರುವ ಮುಂಚೆ ಇಬ್ಬರೂ ಮುಖ ತಿರುಗಿಸಿಕೊಂಡು ಕೂತಿದ್ದರು.

ಹೊರಗೆ ಅಧಿಕಾರಿ ಒಬ್ಬೊಬ್ಬರನ್ನೇ ಬೇರೆ ಬೇರೆ ಬಾಗಿಲಲ್ಲಿ ಕೇಳಿದರು.

"ಚೆನ್ನಾಗಿತ್ತು," ಎಂದರು ಅಜ್ಜಿ.

"ಚೆನ್ನಾಗಿತ್ತು," ಎಂದ ಸೆರುಂಕೂಮ. "ಸ್ವಲ್ಪ ಚಿಕ್ಕದಾಯ್ತು."

"ಆ ಎರಡನೇ ಮಾತು ಬೇಡ," ಎಂದು ತುಮುಹಿಂಬಿಸೆಯವರು ಚೌಕದಲ್ಲಿ ಗುರುತು ಹಾಕಿದರು.

ಬೀಗ ವ್ಯರ್ಥವಾಗಲಿಲ್ಲ. ನಾಲ್ಕು ಇಪ್ಪತ್ತರಿಂದ ಐದರ ನಡುವೆ ಯಾವ ಕಿಡಿಗೇಡಿಯೂ ಊರಿಗೆ ಬೆಳಕು ಕೊಡಬಾರದೆಂದು, ಅದನ್ನು ಈಗ ವಿದ್ಯುತ್ ಕಚೇರಿಯ ಸ್ವಿಚ್ಚಿನ ಪೆಟ್ಟಿಗೆಗೆ ಹಾಕುತ್ತಾರೆ. ಅರ್ಧ ತಲೆ ಬೋಳಿಸುವುದು ಯುವಕರಲ್ಲಿ ರೂಢಿಗೆ ಬಂದಿದೆ. 'ಉಕ್ಕಿನ ನಾಳೆ'ಯ ಡಿವಿಡಿ ತಟ್ಟೆ ಗೀರುಬಿದ್ದು ಆರು ತಿಂಗಳಾಯಿತು. ಸಿನಿಮಾ ಈಗ ಇಲ್ಲ. ಅನುಮತಿ ಕೊಟ್ಟದ್ದು ಕತ್ತಲೆಗಾದ್ದರಿಂದ ಕತ್ತಲೆ ನಡೆಯುತ್ತಿದೆ. ಪಕ್ಕದ ಊರುಗಳಿಂದ ಅಳಿಯಂದಿರೂ ಅತ್ತೆಯಂದಿರೂ ಬೇರೆ ಬೇರೆ ಬಂಡಿಗಳಲ್ಲಿ ಬರುತ್ತಾರೆ. ಕಳೆದ ತಿಂಗಳು ಒಂದು ದಿನ ವಿದ್ಯುತ್ತು ಹೋಗದೆ ಉಳಿದಾಗ, ಜನ ಮೆರವಣಿಗೆಯಲ್ಲಿ ಹೋಗಿ ಒಕಿರೋರ್ ಅವರ ಕಿಟಕಿಗೆ ಮನವಿ ಅಂಟಿಸಿದರು. ಅವರು ಕ್ಷಮೆ ಕೇಳಿ, ಮರುದಿನ ಎಂಬತ್ತು ನಿಮಿಷ ಕೊಟ್ಟರು.

ಅಭಿಪ್ರಾಯ ಒಂದೇ. ಚೌಕ ತುಂಬಿದೆ. ಈ ವರದಿಯನ್ನು ಇಲ್ಲಿಗೆ ನಿಲ್ಲಿಸಬೇಕಾಗಿದೆ. ನಾಲ್ಕು ಗಂಟೆ ಹತ್ತು ನಿಮಿಷವಾಯಿತು, ಇನ್ನು ಹತ್ತು ನಿಮಿಷಕ್ಕೆ ಕಂಪ್ಯೂಟರು ತಾನಾಗಿಯೇ ಆರುತ್ತದೆ. ನಾನು ಕಡಲೆಕಾಯಿ ಕಟ್ಟಿಸಿಕೊಂಡು ಶೆಡ್ಡಿಗೆ ಹೋಗಬೇಕು. ಬೆಡ್‌ಶೀಟಿನ ಆಚೆ ನನ್ನ ಅತ್ತೆ ಬೆಳಗ್ಗಿನಿಂದ ಜಾಗ ಹಿಡಿದು ಕೂತಿದ್ದಾರಂತೆ. ಹತ್ತೊಂಬತ್ತು ವರ್ಷದಿಂದ ಅವರಿಗೂ ನನಗೊಂದು ಮಾತು ಹೇಳಬೇಕಾಗಿದೆಯಂತೆ.