ಪೈಪಿನ ಬಾಯಿ, ಮಾವನ ಮಾತು

ಎಲ್ಲಿಗೆ ಹೋದರೂ ನನಗಿಂತ ಮೊದಲೇ ಫಜೀತಿ ಬಂದು ಕೂತಿರುತ್ತಿತ್ತು. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟವನು, ಯಾವ ಕೆಲಸದಲ್ಲೂ ಆರು ತಿಂಗಳು ನಿಂತವನಲ್ಲ. ಹೆಂಡತಿ ಬೇಸತ್ತು ಕುರುಗೋಡಿನ ತವರಿಗೆ ಹೋಗಿ ಕೂತಳು. "ಒಂದು ಕಸುಬು ಕಲಿತು, ಕೈಯಾರೆ ಮಾಡಿದ್ದೇನಾರ ತಂದು ತೋರಿಸು. ಆಮ್ಯಾಲೆ ಮಗಳನ್ನ ಕಳಿಸ್ತೀನಿ" ಎಂದರು ಮಾವ. ಹಾಗಾಗಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸೈಕಲ್ ಫ್ರೇಮು ಕಟ್ಟುವ ಉಸ್ತಾದರ ಬಳಿ ಸೇರಿದೆ. ಎರಡನೇ ಮಹಾಯುದ್ಧದ ಕಾಲ. ಹೊಸ ಸೈಕಲ್ ಸಿಗುತ್ತಿರಲಿಲ್ಲ, ಹಳೆಯದಕ್ಕೇ ಹೊಸ ಪೈಪು ಕೂಡಿಸಬೇಕಿತ್ತು.

ಕಾಗದ

ಒಂದು ದುಂಡು ಪೈಪು ಇನ್ನೊಂದರ ಮೈಗೆ ಕೂಡಬೇಕಾದರೆ ಅದರ ತುದಿಯನ್ನು ಮೀನಿನ ಬಾಯಿಯಂತೆ ಕತ್ತರಿಸಬೇಕು. ಅಳತೆಗೆ ಕತ್ತರಿಸಿದ ಕಾಗದವನ್ನು ತುದಿಗೆ ಸುತ್ತಿ, ಅಂಚಿಗೆ ಗೀರು ಎಳೆದು, ಗರಗಸ ಹಾಕಿ, ಆಮೇಲೆ ಅರದಿಂದ ಉಜ್ಜಬೇಕು. ಆಗ ಕಾಗದಕ್ಕೂ ಬರ. ಒಂದು ದಿನ ಮಾವನ ಪತ್ರ ಬಂತು. ನಾನು ಓದುವ ಮೊದಲೇ ಉಸ್ತಾದರು ಕತ್ತರಿ ಆಡಿಸಿದ್ದರು.

"ಉಸ್ತಾದ್ರ, ಅದು ನಮ್ಮ ಮಾವನ ಪತ್ರ!"

"ಗಟ್ಟಿ ಕಾಗದ ಐತಲೇ. ನಿಮ್ಮ ಮಾವ ಭಾಳ ಚಲೋ ಮನುಷ್ಯ."

ಪೈಪಿಗೆ ಸುತ್ತಿದಾಗಲೆಲ್ಲ 'ನಿನ್ನ ಕಾಲು ಒಂದು ಕಡೆ ನಿಲ್ಲಂಗಿಲ್ಲ' ಎಂಬ ಸಾಲು ಸರಿಯಾಗಿ ಮೇಲೆ ಬರುತ್ತಿತ್ತು. ಆ ವರ್ಷ ನಮ್ಮಲ್ಲಿ ರಿಪೇರಿಯಾದ ಸೈಕಲ್ಲುಗಳೆಲ್ಲ ಮಾವನ ಬೈಗುಳದ ಅಳತೆಗೇ ತಯಾರಾದವು.

ಬೆಳಕು

ಕೂಡಿಸಿದ ಪೈಪನ್ನು ಉಸ್ತಾದರು ಬಿಸಿಲಿಗೆ ಹಿಡಿದು ನೋಡುವರು. ಸಂದಿಯಲ್ಲಿ ಬೆಳಕು ಕಂಡರೆ ಬೆಸುಗೆ ಇಲ್ಲ. ಒಮ್ಮೆ ಸಿರುಗುಪ್ಪದ ಭತ್ತದ ವ್ಯಾಪಾರಿಯೊಬ್ಬರ ಫ್ರೇಮು ನನ್ನ ಕೈಗೆ ಬಂತು. ಆರಡಿ ಆಳು.

"ಬೆಳಕು ಕಾಣ್ತೈತಿ, ಉಜ್ಜು."

ಉಜ್ಜಿದೆ.

"ಇನ್ನೂ ಕಾಣ್ತೈತಿ."

ಉಜ್ಜಿದೆ. ಮೂರನೇ ದಿನ ಬೆಳಕು ನಿಂತಿತು. ಅಷ್ಟರಲ್ಲಿ ಪೈಪು ನಾಲ್ಕು ಬೆರಳು ಗಿಡ್ಡವಾಗಿತ್ತು. ವ್ಯಾಪಾರಿ ಹತ್ತಿ ತುಳಿದರೆ ಮೊಣಕಾಲು ಹ್ಯಾಂಡಲಿಗೆ ಬಡಿಯಿತು.

"ಏನ್ರಿ ಉಸ್ತಾದ್ರ ಇದು?"

ಉಸ್ತಾದರು ಸಂದಿಯನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿದು ನೋಡಿದರು. "ಪೈಪು ಸರಿಯಾಗಿ ಕೂತೈತ್ರಿ. ಈಗ ತಪ್ಪೆಲ್ಲ ನಿಮ್ಮ ಕಾಲಿಂದು."

ಗೀಟು

"ಕತ್ತರಿಸೋ ಮೊದಲು ತುದಿಯಿಂದ ತುದಿಗೆ ಸೀಮೆಸುಣ್ಣದ ಗೀಟು ಎಳಿ. ಎರಡೂ ಬಾಯಿ ಒಂದೇ ಗೀಟಿಗೆ ಬರಬೇಕು," ಎಂದು ಉಸ್ತಾದರು ದಿನಾ ಹೇಳುತ್ತಿದ್ದರು. ಮಾವನಿಗೆ ತೋರಿಸಲೆಂದು ನನ್ನ ಸ್ವಂತ ಸೈಕಲ್ ಕಟ್ಟುವಾಗ ಎಳೆದೂ ಇದ್ದೆ. ಆದರೆ ಸ್ವಂತದ್ದಲ್ಲವೇ, ಒಂದು ಬಾಯಿ ಕತ್ತರಿಸಿದ ಮೇಲೆ ಪೈಪನ್ನು ಒರೆಸಿ ಒರೆಸಿ ಹೊಳಪು ಕೊಟ್ಟೆ. ಗೀಟು ಹೋಯಿತು. ಇನ್ನೊಂದು ಬಾಯಿಯನ್ನು ಅಂದಾಜಿನಲ್ಲಿ ಕತ್ತರಿಸಿದೆ. ಸಂದಿಯಲ್ಲಿ ಬೆಳಕು ಎಳ್ಳಷ್ಟೂ ಇರಲಿಲ್ಲ. ಒಂದು ಬಾಯಿ ಬಳ್ಳಾರಿಯ ಕಡೆಗೆ, ಇನ್ನೊಂದು ಸಂಗನಕಲ್ಲಿನ ಕಡೆಗೆ ಇತ್ತು, ಅಷ್ಟೇ.

ಫ್ರೇಮು ತಿರುಚಿಕೊಂಡಿದ್ದರಿಂದ ಸೈಕಲ್ ಎಡಕ್ಕೇ ಎಳೆಯುತ್ತಿತ್ತು. ರಟ್ಟೆ ಸೋಲುವಂತೆ ಬಲಕ್ಕೆ ಜಗ್ಗುತ್ತಾ ಕುರುಗೋಡು ಮುಟ್ಟುವಷ್ಟರಲ್ಲಿ ಎಡಗಡೆಯ ಮೂರು ಹತ್ತಿ ಹೊಲಗಳನ್ನು ಒಳಗಿನಿಂದಲೇ ನೋಡಿದ್ದೆ.

ಹೆಂಡತಿ ಬಾಗಿಲಲ್ಲಿ ನಿಂತಳು. ಮಾವ ನನ್ನನ್ನು ನೋಡಲಿಲ್ಲ, ಅಂಗಳದ ಧೂಳು ನೋಡಿದರು. ಮುಂದಿನ ಗಾಲಿಯದೊಂದು ಗುರುತು, ಹಿಂದಿನದೊಂದು ಗುರುತು, ನಡುವೆ ಒಂದು ಗೇಣು.

"ಇನ್ನೊಂದು ಸೈಕಲ್ಲಿನವ್ರು ಎಲ್ಲಿ, ಅಳಿಯಪ್ಪ?"

"ಒಂದ ಸೈಕಲ್ರಿ ಮಾವಾರ. ನಾನ ಕಟ್ಟೀನಿ."

ಮಾವ ತಾವೇ ಹತ್ತಿದರು. ಬಲಕ್ಕೆ ಜಗ್ಗುವ ಗುಟ್ಟು ನಾನು ಹೇಳಿರಲಿಲ್ಲ. ಬಾವಿಯ ಕಡೆಗೆ ಹೊರಟವರು ಅಂಗಳವನ್ನು ಒಂದು ಸುತ್ತು ಹಾಕಿ ನನ್ನ ಮುಂದೆಯೇ ಬಂದು ನಿಂತರು. ಮತ್ತೊಮ್ಮೆ ಹೊರಟರು. ಮತ್ತೆ ಅಲ್ಲಿಗೇ ಬಂದರು. ನನ್ನ ಸಂಸಾರ ಮುಗಿಯಿತು ಎಂದುಕೊಂಡೆ.

ಮಾವ ಇಳಿದು, ಸೀಟನ್ನು ಪ್ರೀತಿಯಿಂದ ತಟ್ಟಿ, ಮಗಳ ಕಡೆ ತಿರುಗಿದರು.

"ಬಟ್ಟಿ ಗಂಟು ಕಟ್ಟವಾ. ಈ ಸೈಕಲ್ ಇರೋ ತನಕ ಇವ ಎಲ್ಲಿಗೆ ಓಡಿಹೋದ್ರೂ ತಿರುಗಿ ಮನಿಗೇ ಬರ್ತಾನ."